ಎಲ್ಮೋರನ ಮನೆಯಲ್ಲಿ ಉಳಿದ ಪಾತ್ರೆಗಳು

ಎಲ್ಮೋರ್ ಟಾರ್ವರನ ಅಡುಗೆಮನೆಯ ಮೇಜಿನ ಮೇಲೆ ಪರರ ಮನೆಯ ಪಾತ್ರೆಗಳು ಬೋರಲಾಗಿ ಕೂತು ಒಂದು ಇಡೀ ಬೇಸಿಗೆ ಕಳೆದಿತ್ತು. ಉದ್ದನೆಯ ಗಾಜಿನ ಪಾತ್ರೆ, ಅಲ್ಯುಮಿನಿಯಂ ಬೋಗುಣಿ, ಕೇಕಿನ ಅಚ್ಚು, ಇಡೀ ಕೋಳಿ ಹಿಡಿಸುವ ದೊಡ್ಡ ತಪ್ಪಲೆ, ನೀಲಿ ಅಂಚಿನ ಬಿಳಿ ಎನಾಮಲ್ ಪಾತ್ರೆ, ಇನ್ನೂ ಒಂದೆರಡು. ಎಲ್ಲದರ ತಳದಲ್ಲೂ ಒಂದೊಂದು ತುಂಡು ಟೇಪು, ಅದರ ಮೇಲೆ ಒಡತಿಯ ಹೆಸರು. ನೀಲಿ ಅಂಚಿನದಕ್ಕೆ ಮಾತ್ರ ಹೆಸರಿರಲಿಲ್ಲ. ತೊಳೆಯುವಾಗ ಟೇಪು ಕಿತ್ತುಹೋಗಿರಬೇಕು ಎಂದು ಎಲ್ಮೋರ್ ಅಂದುಕೊಂಡಿದ್ದ.

ಅವೆಲ್ಲ ಅವನ ಹೆಂಡತಿ ಲುವೀನಿಯಾಳ ಮಣ್ಣಿನ ದಿನ ಬಂದವು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ಹೆಂಗಸು ಅಲಬಾಮದ ನಮ್ಮ ಟರ್ಕಿ ಹಳ್ಳದ ರಸ್ತೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಅವಳನ್ನು ಚರ್ಚಿನ ಹಿಂದಿನ ಬೆಂಚಿನಲ್ಲೂ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳಲಿಕ್ಕಿಲ್ಲ. ಹಾಗೆಯೇ, ತುಂಬಿ ಬಂದ ಪಾತ್ರೆ ತುಂಬಿಯೇ ಹಿಂದಿರುಗಬೇಕು. ಒಂದು ತುಂಡು ಕೇಕಾಗಲಿ, ನಾಲ್ಕು ಟೊಮೆಟೊ ಆಗಲಿ, ಏನಾದರೂ ಇರಬೇಕು. ಬರಿ ಪಾತ್ರೆ ಕೊಟ್ಟುಬರುವುದಕ್ಕಿಂತ ಆ ಮನೆಯವರ ಮುಖಕ್ಕೇ ಬಾಗಿಲು ಹಾಕುವುದು ಮೇಲು. ಇದು ಎಲ್ಮೋರನಿಗೂ ಗೊತ್ತಿತ್ತು. ನಲವತ್ತು ವರ್ಷ ಹೆಂಡತಿ ಫಾಯಿಲ್ ಮುಚ್ಚಿದ ಪಾತ್ರೆ ಹಿಡಿದು ರಸ್ತೆ ದಾಟುವುದನ್ನು ಕಿಟಕಿಯಿಂದ ನೋಡಿದವನು ಅವನು.

ಹಾಗಾದರೆ ಯಾಕೆ ಹಿಂದಿರುಗಿಸಲಿಲ್ಲ? ಕೇಳಿದವರಿಗೆ ಹೇಳಲು ಒಂದು ಕಾರಣ ಇತ್ತು: ಅವನಿಗೆ ನೀರು ಕಾಯಿಸುವುದರಾಚೆ ಅಡುಗೆ ಗೊತ್ತಿರಲಿಲ್ಲ. ಯಾರಿಗೂ ಹೇಳದ ಇನ್ನೊಂದು ಕಾರಣವೂ ಇತ್ತು. ಈ ಪಾತ್ರೆಗಳು ಇಲ್ಲಿರುವ ತನಕ, ಇವುಗಳಿಗಾಗಿಯಾದರೂ ಒಂದಲ್ಲ ಒಂದು ದಿನ ಯಾರಾದರೂ ಈ ಬಾಗಿಲು ಬಡಿಯಲೇಬೇಕು.

ಎಲ್ಮೋರ್ ಊರಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನಾಗಿದ್ದ. ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದ ಕೈ, ಆಮೇಲೆ ಪಟ್ಟಿ, ಗಾಲಿ, ಎಣ್ಣೆಗಳಲ್ಲಿ ಸವೆದ ಕೈ. ಯಾವ ಗಾಲಿ ಒಣಗಿದೆ, ಯಾವ ಪಟ್ಟಿ ಸಡಿಲವಾಗಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಅಷ್ಟು ಗದ್ದಲದಲ್ಲಿ ಅರ್ಧ ಆಯಸ್ಸು ಕಳೆದವನಿಗೆ ಮನೆಯಲ್ಲಿ ಮಾತು ಬೇಕಿರಲಿಲ್ಲ. ಮಾತಿನ ಪಾಲು ಲುವೀನಿಯಾ ನೋಡಿಕೊಳ್ಳುತ್ತಿದ್ದಳು. ಒಂದು ಮಗು ಹುಟ್ಟಿ ಉಳಿಯಲಿಲ್ಲ. ಆ ಮೇಲೆ ಇನ್ನೊಂದು ಆಗಲಿಲ್ಲ. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಕೂಡಲೇ ಅವಳು ಟೋಪಿ ತೆಗೆದು ಏಪ್ರನ್ ಕಟ್ಟುವಳು. ಅವನು ಟೈ ಸಡಿಲಿಸಿ ಮುಂದಿನ ಕೋಣೆಯ ಕುರ್ಚಿಯಲ್ಲಿ ರೇಡಿಯೋ ಹಚ್ಚಿಕೊಂಡು ಬೇಸ್‌ಬಾಲ್ ಪಂದ್ಯ ಕೇಳುವನು. ಹಿಂದಿನ ರಾತ್ರಿಯಿಂದ ಮಜ್ಜಿಗೆಯಲ್ಲಿ ನೆನೆದ ಕೋಳಿ ಅಡುಗೆಮನೆಯಲ್ಲಿ ಕರಿಯುತ್ತಿರುವುದು. ಒಂದೆರಡು ಸಲ ಅವನು ವಾಸನೆ ಹಿಡಿದು ಹೊಸ್ತಿಲವರೆಗೆ ಹೋದದ್ದುಂಟು.

"ಆಚೆ ಹೋಗು ಮಾರಾಯ," ಎನ್ನುತ್ತಿದ್ದಳು ಲುವೀನಿಯಾ, ಕೈಯಲ್ಲಿನ ಮುಳ್ಳುಚಮಚ ಆಡಿಸುತ್ತ. "ನೀನು ಹಿಂಗೆ ನಿಂತು ನೋಡ್ತಿದ್ರೆ ಕೋಳಿ ನಾಚ್ಕೊಂಡು ಬೇಯೋದೇ ಇಲ್ಲ."

ಊಟದ ಕೊನೆಗೆ ಎದೆಯ ಕವಲು ಮೂಳೆಯನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಎಳೆಯುವರು. ಉದ್ದ ತುಂಡು ಬಂದವರು ಮನಸ್ಸಿನಲ್ಲಿ ಏನಾದರೂ ಕೋರಿಕೊಳ್ಳಬೇಕು. ಹೆಚ್ಚು ಸಲ ಅವಳೇ ಗೆಲ್ಲುತ್ತಿದ್ದಳು. ಏನು ಕೋರಿದೆ ಎಂದು ಕೇಳಿದರೆ ನಗುವಳು, ಹೇಳಳು. ವಸಂತದ ಒಂದು ಸೋಮವಾರ ಬಟ್ಟೆ ಒಣಗಹಾಕುತ್ತ ಹುಲ್ಲಿನ ಮೇಲೆ ಕುಸಿದು, ಹೇಳದೆಯೇ ಹೋಗಿಬಿಟ್ಟಳು.

ಮಣ್ಣಿನ ದಿನ ಮನೆ ಜಾತ್ರೆಯಾಗಿತ್ತು. ಹೆಂಗಸರು ಒಲೆ ಹಿಡಿದರು, ಬಡಿಸಿದರು, ಎಲ್ಲರ ಪಾತ್ರೆಗಳನ್ನೂ ತೊಳೆದು ಮೇಜಿನ ಮೇಲೆ ಪೇರಿಸಿಟ್ಟರು. "ಏನು ಬೇಕಾದ್ರೂ ಕೇಳಿ, ಸಂಕೋಚ ಬೇಡ," ಎಂದು ಪ್ರತಿಯೊಬ್ಬರೂ ಅವನ ಕೈ ಹಿಡಿದು ಹೇಳಿದರು. ಮನುಷ್ಯನಿಗೆ ಬೇಕಾದದ್ದು ಕೇಳಿ ಪಡೆಯುವಂಥದ್ದಾಗಿದ್ದರೆ ಲೋಕದಲ್ಲಿ ಯಾರೂ ಒಂಟಿಯಾಗಿರುತ್ತಿರಲಿಲ್ಲ. ಅವರು ಹೋದರು. ಮರುದಿನ ಯಾರೂ ಬರಲಿಲ್ಲ. ಮರುವಾರವೂ ಬರಲಿಲ್ಲ.

ಬ್ರದರ್, ಸಿಸ್ಟರ್ ಎಂದೇ ಒಬ್ಬರನ್ನೊಬ್ಬರು ಕರೆಯುವ ಚರ್ಚಿನಲ್ಲಿ ಸಿಗುತ್ತಿದ್ದರು. "ಹೇಗಿದ್ದೀರಿ ಬ್ರದರ್ ಟಾರ್ವರ್?" ಎಂದು ಭುಜ ತಟ್ಟಿ, ಅವನು ಬಾಯಿ ತೆರೆಯುವಷ್ಟರಲ್ಲಿ ಕಾರಿನ ಕಡೆ ನಡೆಯುತ್ತಿದ್ದರು. ಶನಿವಾರ ಅವನು ಜಗಲಿ ಗುಡಿಸಿ, ಎರಡು ಕುರ್ಚಿ ಎದುರುಬದುರು ಹಾಕಿ, ಕಾಫಿ ಕಾಯಿಸಿಟ್ಟುಕೊಂಡು ಕೂರುತ್ತಿದ್ದ. ರಸ್ತೆಯಲ್ಲಿ ಹೋಗುವ ಹೆಂಗಸರು ದೂರದಿಂದಲೇ ಕೈ ಬೀಸಿ ಹೆಜ್ಜೆ ಚುರುಕು ಮಾಡುತ್ತಿದ್ದರು. ಕಾಫಿ ಆರಿದ ಮೇಲೆ ಅದನ್ನು ಅವನೇ ಕುಡಿದು, ಡಬ್ಬದ ಸಾರ್ಡೀನ್ ಮೀನು ತೆರೆದು ಉಪ್ಪು ಬಿಸ್ಕತ್ತಿನ ಜೊತೆ ತಿಂದು ಮಲಗುತ್ತಿದ್ದ. ಅವನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇರಲಿ, ಪಾತ್ರೆ ಬೇಕಾದಾಗ ಬರುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂದು ಹಲ್ಲು ಕಚ್ಚಿಕೊಂಡ.

ಎದುರು ಮನೆಯ ವರ್ಡೆಲ್ ಗಿಬ್ಸ್ ಅವನಿಗೆ ಚಿಕ್ಕಂದಿನ ಪರಿಚಯ, ಲುವೀನಿಯಾಳ ಜೀವದ ಗೆಳತಿ. ಮಗಳು, ಅಳಿಯ, ಮೊಮ್ಮಕ್ಕಳು ತುಂಬಿದ ಮನೆಯವಳು, ನಾಲಗೆಗೆ ಬೀಗ ಇಲ್ಲದವಳು. ಆ ಗಾಜಿನ ಪಾತ್ರೆ ಅವಳದ್ದು, ಮ್ಯಾಕರೋನಿ ಬಂದಿತ್ತು ಅದರಲ್ಲಿ. ಆಗಸ್ಟ್ ಕೊನೆಗೆ ದಿನಸಿ ಅಂಗಡಿಯಲ್ಲಿ ಅವಳು ಸಿಕ್ಕಾಗ ಎಲ್ಮೋರ್ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ ಕರೆದ.

"ವರ್ಡೆಲ್, ನಿನ್ನ ಗಾಜಿನ ಪಾತ್ರೆ ನಮ್ಮನೇಲೇ ಇದೆ. ಯಾವತ್ತಾದ್ರೂ ಬಂದು ತಗೊಂಡ್ಹೋಗು."

ಅವನ ಮಟ್ಟಿಗೆ ಅದು ಆಮಂತ್ರಣ. ಅಂಗಡಿಯಲ್ಲಿ ಅಕ್ಕಿ ಅಳೆಸಿಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು. ವರ್ಡೆಲಳ ಮುಖ ಕೆಂಡವಾಯಿತು.

"ನಾನು ಕೇಳಿದ್ನಾ? ಬಾಯ್ಬಿಟ್ಟು ಯಾವತ್ತಾದ್ರೂ ಪಾತ್ರೆ ಕೊಡು ಅಂದ್ನಾ?"

"ಅಯ್ಯೋ, ಅದಕ್ಕಲ್ಲ..."

"ನಲವತ್ತು ವರ್ಷದಲ್ಲಿ ಒಂದು ಸಲಾನೂ ಲುವೀನಿಯಾ ನಮ್ಮನೆ ಪಾತ್ರೆ ಬರಿದು ಕಳಿಸ್ಲಿಲ್ಲ. ಈಗ ನಾನು ನಿಮ್ಮನೆ ಮೆಟ್ಟಿಲು ಹತ್ತಿ, ಬರೀ ಪಾತ್ರೆ ಬಗಲಲ್ಲಿ ಇಟ್ಕೊಂಡು ರಸ್ತೆ ದಾಟ್ಲಾ? ಅವಳ ಮೇಲಿನ ಮಣ್ಣು ಇನ್ನೂ ಕೂತಿಲ್ಲ, ವರ್ಡೆಲ್ ಪಾತ್ರೆ ವಸೂಲಿಗೆ ಹೋದ್ಲು ಅನ್ನಿಸ್ಕೊಳ್ಲಾ? ನಿನಗೆ ಬುದ್ಧಿ ಯಾವಾಗ ಬರುತ್ತಯ್ಯಾ ಎಲ್ಮೋರ್?"

ಅವಳು ಕೊಂಡ ಸಕ್ಕರೆಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು. ಎಲ್ಮೋರನಿಗೆ ಅರ್ಥವಾದದ್ದು ಒಂದೇ: ಕೂತು ಕಾದರೆ ಆಗುವುದಲ್ಲ, ಪಾತ್ರೆ ತುಂಬಿಸಿ ತಾನೇ ಹೋಗಬೇಕು. ತುಂಬಿಸುವುದೇನನ್ನು? ಟಾರ್ವರ್ ಮನೆಯಿಂದ ಹೊರಡುವ ಪಾತ್ರೆಯಲ್ಲಿ ಯಾವತ್ತೂ ಇದ್ದದ್ದು ಕರಿದ ಕೋಳಿ.

ಶನಿವಾರ ಇಡೀ ಕೋಳಿ ತಂದ. ತುಂಡು ಮಾಡಿದ್ದು ಕೊಂಡರೆ ಕವಲು ಮೂಳೆ ಸರಿಯಾಗಿ ಸಿಗುವುದಿಲ್ಲ ಎಂದು ಲುವೀನಿಯಾ ಹೇಳುತ್ತಿದ್ದದ್ದು ನೆನಪಿತ್ತು. ಗಿರಣಿಯ ಮೆಕ್ಯಾನಿಕ್ಕು ಕೋಳಿಯ ಕೀಲು ಹುಡುಕಿ ಬಿಚ್ಚಿದ್ದು ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು. ತುಂಡುಗಳನ್ನು ಉಪ್ಪು, ಕರಿಮೆಣಸು, ಚಿಟಿಕೆ ಕೆಂಪು ಮೆಣಸಿನ ಪುಡಿ ಬೆರೆಸಿದ ಮಜ್ಜಿಗೆಯಲ್ಲಿ ಮುಳುಗಿಸಿಟ್ಟ. ಆಮೇಲೆ ಒಲೆಯ ಮೇಲಿದ್ದ ಬಾಣಲೆ ನೋಡಿದ.

ಅದು ಲುವೀನಿಯಾಳ ತಾಯಿ ಮದುವೆಗೆ ಕೊಟ್ಟ ಎರಕದ ಕಬ್ಬಿಣದ ಬಾಣಲೆ. ಒಳಗೂ ಹೊರಗೂ ಕಾಡಿಗೆ ಕಪ್ಪು, ಮುಟ್ಟಿದರೆ ಜಿಡ್ಡು. ಅವಳು ಹೋದ ಮೇಲೆ ಅದನ್ನು ಯಾರೂ ಎತ್ತಿರಲಿಲ್ಲ. ಪಾಪ, ಇದನ್ನು ಚೆನ್ನಾಗಿ ತಿಕ್ಕಲು ಅವಳಿಗೆ ಪುರುಸೊತ್ತೇ ಆಗಲಿಲ್ಲ ಎಂದುಕೊಂಡ ನಮ್ಮ ಎಲ್ಮೋರ್. ಹಿತ್ತಲಿಗೆ ಒಯ್ದು, ಕ್ಷಾರದ ಸೋಪು ಹಚ್ಚಿ, ಗಿರಣಿಯಿಂದ ತಂದಿದ್ದ ತಂತಿಯ ಬ್ರಷ್ ಹಿಡಿದು ಕೂತ. ಕಪ್ಪು ನೀರು ಹರಿಯಿತು, ಹರಿಯುತ್ತಲೇ ಇತ್ತು. ಬೆವರು ಸುರಿಸಿ ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಸಂಜೆಗೆ ಬಾಣಲೆ ಗಿರಣಿಗೆ ಹೊಸದಾಗಿ ಬಂದ ಬಿಡಿಭಾಗದ ಹಾಗೆ ಬೂದಿ ಬಣ್ಣದಲ್ಲಿ ಹೊಳೆಯಿತು. ನೋಡಿದ್ದರೆ ಲುವೀನಿಯಾ ಎಷ್ಟು ಖುಷಿಪಡುತ್ತಿದ್ದಳು ಎಂದುಕೊಂಡು ಅವನು ಎಷ್ಟೋ ತಿಂಗಳ ಮೇಲೆ ನೆಮ್ಮದಿಯಿಂದ ಮಲಗಿದ.

ಭಾನುವಾರ ಚರ್ಚಿನಿಂದ ಬಂದು ಖಾಕಿ ಕಾಗದದ ಚೀಲದಲ್ಲಿ ಮೈದಾ ಹಾಕಿ, ಕೋಳಿಯ ತುಂಡುಗಳನ್ನು ಅದರಲ್ಲಿ ಕುಲುಕಿ, ಹಂದಿಯ ಕೊಬ್ಬು ಕಾಯಿಸಿ ಅದರಲ್ಲಿ ಬಿಟ್ಟ. ಬಿಟ್ಟದ್ದು ಬಿಟ್ಟಲ್ಲೇ ಹಿಡಿದುಕೊಂಡಿತು. ತಿರುವಲು ಹೋದರೆ ಚರ್ಮ ಬಾಣಲೆಗೆ, ಮಾಂಸ ಮುಳ್ಳುಚಮಚಕ್ಕೆ. ಹೊರಗೆ ಕರಿ, ಒಳಗೆ ಮೂಳೆಯ ಹತ್ತಿರ ಹಸಿ. ಹೊಗೆ ಕಿಟಕಿ ದಾಟಿ ರಸ್ತೆಗೆ ಹೋಯಿತು.

"ಎಲ್ಮೋರ್!" ರಸ್ತೆಯ ನಡುವೆ ನಿಂತು ವರ್ಡೆಲ್ ಕೂಗಿದಳು. "ಏನು ಮನೆ ಸುಟ್ಕೋತಿದೀಯಾ?"

ಅವನು ಕೆಮ್ಮುತ್ತ ಬಾಣಲೆ ಹಿಡಿದೇ ಜಗಲಿಗೆ ಬಂದ. "ಕೋಳಿ ಅಂಟ್ಕೊಂಡು ಸಾಯ್ತಿದೆ. ಬಾಣಲೆ ಕೆಟ್ಟಿದೆ ಅನ್ಸುತ್ತೆ. ನೋಡು, ಇಷ್ಟು ಚೆನ್ನಾಗಿ ತಿಕ್ಕಿದೀನಿ, ಆದ್ರೂ..."

ವರ್ಡೆಲ್ ಬಾಣಲೆ ನೋಡಿದಳು. ಬೈಗುಳ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಅವಳ ಕೈ ಬಾಯಿಗೆ ಹೋಯಿತು.

"ಏನು ಮಾಡ್ಬಿಟ್ಟೆಯಪ್ಪಾ," ಎಂದಳು ಮೆಲ್ಲಗೆ. "ಅಷ್ಟೂ ತಿಕ್ಕಿಬಿಟ್ಯಾ?"

"ಕೊಳೆ ಇತ್ತು ಕಣೇ."

"ಅದು ಕೊಳೆ ಅಲ್ಲ ಕಣಯ್ಯಾ. ಅದು ಲುವೀನಿಯಾ." ಅವಳ ಕಣ್ಣು ತುಂಬಿಬಂತು. "ಒಂದೊಂದು ಭಾನುವಾರದ ಕೊಬ್ಬು ಒಂದೊಂದು ಪದರ ಕಟ್ಟಿ ಕಪ್ಪಾಗಿದ್ದು ಅದು. ಅದಕ್ಕೇ ಏನೂ ಅಂಟ್ತಿರ್ಲಿಲ್ಲ. ಬರೀ ನೀರಲ್ಲಿ ಒರೆಸಿ ಇಡ್ತಿದ್ಲು. ಸೋಪು ತೋರಿಸ್ತಿರ್ಲಿಲ್ಲ ಅದಕ್ಕೆ."

ಎಲ್ಮೋರ್ ಬಾಣಲೆಯನ್ನೇ ನೋಡುತ್ತ ನಿಂತ. ಅವಳ ಬಟ್ಟೆಗಳನ್ನು ಚರ್ಚಿಗೆ ಕೊಟ್ಟಾಗ ಅಳದವನು, ಶವಪೆಟ್ಟಿಗೆ ಇಳಿಸಿದಾಗ ಅಳದವನು, ರಸ್ತೆಗೆ ಕಾಣುವಂತೆ ಜಗಲಿಯ ಮೇಲೆ ನಿಂತು ಅತ್ತ. ಹೆಂಡತಿಯ ನಲವತ್ತು ವರ್ಷವನ್ನು ತನ್ನ ಕೈಯಾರೆ ಹಿತ್ತಲಿನ ಚರಂಡಿಗೆ ಚೆಲ್ಲಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು.

ವರ್ಡೆಲ್ ಮೂಗು ಒರೆಸಿಕೊಂಡಳು. "ಆಯ್ತು, ಅತ್ತಿದ್ದು ಸಾಕು. ಕೇಳಿಲ್ಲಿ. ತೆಳ್ಳಗೆ ಕೊಬ್ಬು ಸವರು. ಸವರಿದ್ದು ಕಾಣಬಾರ್ದು, ಅಷ್ಟು ತೆಳ್ಳಗೆ. ಓವನ್ನಲ್ಲಿ ಬೋರಲು ಹಾಕಿ ಕಾಯಿಸು. ತಣ್ಣಗಾಗ್ಲಿ. ಮತ್ತೆ ಸವರು, ಮತ್ತೆ ಕಾಯಿಸು."

"ಎಷ್ಟು ದಿನ?"

"ಅವಳು ನಲವತ್ತು ವರ್ಷ ತಗೊಂಡ್ಲು."

ಇಷ್ಟೆಲ್ಲ ಹೇಳಿದವಳು ರಸ್ತೆಯಿಂದ ಒಂದು ಹೆಜ್ಜೆಯೂ ಅವನ ಅಂಗಳಕ್ಕೆ ಇಡಲಿಲ್ಲ. ಮೆಟ್ಟಿಲು ಹತ್ತಿ ಬಂದು ಒಂದು ನಿಮಿಷ ಕೂತಿದ್ದರೆ ಏನಾಗುತ್ತಿತ್ತು? ಅವನಿಗೆ ಬಾಣಲೆಯ ನೋವಿನ ಜೊತೆ ಇದೂ ಸೇರಿಕೊಂಡಿತು.

ಆಮೇಲಿನ ದಿನಗಳಲ್ಲಿ ಅವನು ಗಿರಣಿಯಿಂದ ಬಂದವನೇ ಬಾಣಲೆ ಸವರಿ ಓವನ್ನಿಗೆ ಇಡುತ್ತಿದ್ದ. ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ ಅದೊಂದು ಕೆಲಸ ಸಿಕ್ಕಿತು. ಬೂದಿ ಬಣ್ಣ ಕಂದಾಯಿತು, ಕಂದು ಕಪ್ಪಾಗತೊಡಗಿತು. ಲುವೀನಿಯಾಳ ಕಪ್ಪಲ್ಲ ಅದು, ತೆಳುವಾದ ಹೊಸ ಕಪ್ಪು. ಅದರಲ್ಲಿ ಕೋಳಿ ಅಂಟುವುದು ಕಡಿಮೆಯಾಯಿತು, ಆದರೆ ಬೇಯುವ ಹದ ಕೈಗೆ ಹತ್ತಲಿಲ್ಲ. ಎವೆಯಿಕ್ಕದೆ ನೋಡಿಕೊಂಡು ನಿಂತರೂ ಒಂದು ಸಲ ಹಸಿ, ಒಂದು ಸಲ ಸೀದದ್ದು. ಮಾಡಿದ್ದುಣ್ಣೋ ಮಹಾರಾಯ ಎಂದು ಅವನೇ ಅದನ್ನೆಲ್ಲ ತಿಂದ.

ಒಂದು ಭಾನುವಾರ ಸಾಕಾಗಿ, ಕೋಳಿಯನ್ನು ಬಾಣಲೆಗೆ ಬಿಟ್ಟು ಮುಚ್ಚಳ ಹಾಕಿ, ಹೋಗಿ ಮುಂದಿನ ಕೋಣೆಯ ತನ್ನ ಹಳೆಯ ಕುರ್ಚಿಯಲ್ಲಿ ಕುಸಿದ. ರೇಡಿಯೋ ಹಚ್ಚಲಿಲ್ಲ. ಅಡುಗೆಮನೆಯಿಂದ ಸದ್ದು ಬರುತ್ತಿತ್ತು. ತಗಡಿನ ಸೂರಿನ ಮೇಲೆ ಜೋರು ಮಳೆ ಬಿದ್ದ ಹಾಗೆ. ಅವನ ಕಿವಿ ನಿಮಿರಿತು. ಈ ಸದ್ದು ಅವನಿಗೆ ಗೊತ್ತಿತ್ತು. ನಲವತ್ತು ವರ್ಷ ಪ್ರತಿ ಭಾನುವಾರ ಇದೇ ಕುರ್ಚಿಯಲ್ಲಿ ಕೂತು ಪಂದ್ಯದ ಜೊತೆ ಇದನ್ನೂ ಕೇಳಿದ್ದ, ಕೇಳಿದ್ದೇನೆ ಎಂದು ತಿಳಿಯದೆಯೇ. ಮಳೆ ಸ್ವಲ್ಪ ದಪ್ಪ ದನಿಗೆ ಇಳಿದಾಗ ಮುಚ್ಚಳ ಠಣ್ ಎನ್ನುತ್ತಿತ್ತು, ಅವಳು ತಿರುವುತ್ತಿದ್ದಳು. ಅವನು ಎದ್ದು ಓಡಿ ತಿರುವಿದ. ಚಿನ್ನದ ಬಣ್ಣ. ಮತ್ತೆ ಓಡಿ ಬಂದು ಕೂತ. ಸದ್ದು ಮತ್ತೆ ಏರಿತು, ಮೆಲ್ಲಗೆ ಇಳಿಯಿತು, ಕೊನೆಗೆ ಬಿಟ್ಟು ಬಿಟ್ಟು ಚಿಟಿಚಿಟಿ ಎಂದಿತು. ಅವಳು "ಕೈ ತೊಳ್ಕೋ ಬಾ" ಎಂದು ಕೂಗುತ್ತಿದ್ದದ್ದು ಸರಿಯಾಗಿ ಈ ಹೊತ್ತಿಗೆ. ಎಲ್ಮೋರ್ ಎದ್ದುಹೋಗಿ ತೆಗೆದ. ಕುರ್ಚಿಯಲ್ಲಿ ಕೂತು ಕೋಳಿ ಕರಿದ ಗಂಡಸು ಇಡೀ ಅಲಬಾಮದಲ್ಲಿ ಅವನೊಬ್ಬನೇ ಇರಬೇಕು.

ಒಂದು ತುಂಡು ತಿಂದು ನೋಡಿದ. ಹೊರಗೆ ಗರಿಗರಿ, ಒಳಗೆ ರಸ. ಹೋಗಿ ಯಾರಿಗಾದರೂ ಹೇಳೋಣ ಅನ್ನಿಸಿತು. ಹೇಳುವುದಕ್ಕೆ ಮನೆಯಲ್ಲಿ ಕವಲು ಮೂಳೆಯ ಇನ್ನೊಂದು ತುದಿ ಹಿಡಿಯುವವರೂ ಇರಲಿಲ್ಲ.

ಮೊದಲ ಪಾತ್ರೆ ವರ್ಡೆಲಳದ್ದು. ಅವಳು ಬಾಗಿಲಲ್ಲೇ ಫಾಯಿಲ್ ಎತ್ತಿ, ಒಂದು ರೆಕ್ಕೆ ಬಾಯಿಗಿಟ್ಟುಕೊಂಡಳು. ಆಮೇಲೆ ಒಂದು ಕಾಲು.

"ಉಪ್ಪು ಒಂಚೂರು ಮುಂದು," ಎಂದಳು ಮೂರನೆಯ ತುಂಡಿಗೆ ಕೈ ಹಾಕುತ್ತ. "ಮೈದಾ ಇನ್ನೂ ಕೊಡವ್ಬೇಕಿತ್ತು."

"ಹಾಗಾದ್ರೆ ವಾಪಸ್ ಕೊಡು."

"ಮುಟ್ಟಿದ್ರೆ ಕೈ ಮುರೀತೀನಿ."

ಎರಡನೆಯದು ಆ ದೊಡ್ಡ ತಪ್ಪಲೆ, ಚರ್ಚಿನಲ್ಲಿ ಬಾಗಿಲ ಬಳಿ ನಿಂತು ಎಲ್ಲರನ್ನೂ ಕೂರಿಸುವ ಸಿಸ್ಟರ್ ಈಯೋಲಾಳದ್ದು. ತುಂಬ ಮರ್ಯಾದೆಯ ಹೆಂಗಸು, ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಅವಳು ತಪ್ಪಲೆ ತೆಗೆದುಕೊಂಡು, ಅವನನ್ನು ಕೂರಿಸಿ, ದೊಡ್ಡ ಉಸಿರು ಬಿಟ್ಟಳು.

"ದೇವರು ದೊಡ್ಡವನು ಬ್ರದರ್ ಟಾರ್ವರ್. ಇನ್ನು ನಾವು ನಿಮ್ಮನೆಗೆ ಬರಬಹುದು."

"ಇಷ್ಟು ದಿನ ಬರಬೇಡಿ ಅಂದವರು ಯಾರು?"

"ಹೇಗೆ ಬರೋದು ಹೇಳಿ? ನಮ್ಮ ಪಾತ್ರೆಗಳೆಲ್ಲ ನಿಮ್ಮನೇಲಿ. ನಾವು ಬಂದು ಕೂತ್ರೆ, ಪಾಪ, ಇವರು ಪಾತ್ರೆಗೇ ಬಂದ್ರು ಅಂತ ನೀವು ನೊಂದ್ಕೋತೀರಿ. ನಾನೇ ಎಲ್ಲರಿಗೂ ಹೇಳ್ದೆ, ಆ ಮನುಷ್ಯನಿಗೆ ಸ್ವಲ್ಪ ಕಾಲ ಕೊಡಿ, ಅವರಾಗಿ ತಂದುಕೊಡೋ ತನಕ ಯಾರೂ ಆ ಕಡೆ ತಲೆ ಹಾಕ್ಬೇಡಿ ಅಂತ."

ಎಲ್ಮೋರ್ ತನ್ನ ಟೋಪಿಯನ್ನು ಮಂಡಿಯ ಮೇಲೆ ಒಂದು ಸುತ್ತು ತಿರುಗಿಸಿದ.

"ನೀವು ಬರಲಿ ಅಂತ್ಲೇ ನಾನು ಅವನ್ನ ಇಟ್ಕೊಂಡಿದ್ದೆ, ಸಿಸ್ಟರ್ ಈಯೋಲಾ," ಎಂದ.

ಒಂದು ಬೇಸಿಗೆಯೆಲ್ಲ ರಸ್ತೆಯ ಈ ಬದಿ ಅವನು, ಆ ಬದಿ ಅವರು, ನಡುವೆ ತೊಳೆದಿಟ್ಟ ಪಾತ್ರೆಗಳು. ಮರ್ಯಾದೆಯೇ ಮನುಷ್ಯನನ್ನು ಹೀಗೆ ಒಂಟಿ ಮಾಡುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಒಂದೊಂದು ಭಾನುವಾರ ಒಂದೊಂದು ಪಾತ್ರೆ ತುಂಬಿ ಹೊರಟಿತು. ಎಲ್ಲರೂ ತಿಂದರು, ಹೊಗಳಿದರು, ಬರುತ್ತೇವೆ ಎಂದರು. ಸುಳ್ಳು ಹೇಳಿದರೆಂದಲ್ಲ. ಆದರೆ ಹತ್ತಿ ಬಿಡಿಸುವ ಕಾಲ ಬಂತು, ಶಾಲೆ ಶುರುವಾಯಿತು, ಎಲ್ಲರಿಗೂ ಅವರವರ ಸಂಸಾರ ಇತ್ತು. ಸಿಸ್ಟರ್ ಈಯೋಲಾ ಮಾತ್ರ ಒಂದು ಸಂಜೆ ಬಂದು, ಗೆಣಸಿನ ಸಿಹಿ ಹೂರಣದ ಪೈ ತಂದು, ಜಗಲಿಯಲ್ಲಿ ಕೂತು ಹೋದಳು.

"ಕಾಗದದ ತಟ್ಟೇಲಿ ತಂದಿದೀನಿ," ಎಂದಳು ಹೊರಡುವಾಗ. "ನಿಮಗೆ ತಿರುಗಿಸೋ ತೊಂದರೆ ಬೇಡ ಅಂತ."

ಆಗಿನಿಂದ ಯಾರು ಏನು ಕಳಿಸಿದರೂ ಕಾಗದದ ತಟ್ಟೆಯಲ್ಲೇ ಕಳಿಸಿದರು. ಗಂಡಸು, ಒಂಟಿ, ಅವನಿಗೆ ಯಾಕೆ ತೊಂದರೆ ಎಂಬ ಕರುಣೆ. ಪೈ ತಿಂದು ಮುಗಿಸಿ ಅವನು ತಟ್ಟೆ ಕಸಕ್ಕೆ ಹಾಕಿದ. ಅಲ್ಲಿಗೆ ಅದು ಮುಗಿಯಿತು. ತಿರುಗಿಸಲು ಏನೂ ಇಲ್ಲ, ಕಾಯಲು ಏನೂ ಇಲ್ಲ. ತುಂಬಿದ್ದ ಮೇಜಿನ ಮೇಲೆ ಈಗ ಹೆಸರಿಲ್ಲದ ನೀಲಿ ಅಂಚಿನ ಪಾತ್ರೆಯೊಂದೇ ಇತ್ತು. ಎಲ್ಮೋರನಿಗೆ ಅದರ ಮೇಲೆ ಒಂಥರಾ ಪ್ರೀತಿ ಹುಟ್ಟಿತು. ಇದರ ಒಡತಿಯೊಬ್ಬಳು ಇನ್ನೂ ಬಾಕಿ ಇದ್ದಾಳೆ.

ಅಕ್ಟೋಬರಿನ ಕೊನೆಯ ಭಾನುವಾರ ಅತ್ಯಂತ ಚೆನ್ನಾಗಿ ಬಂದ ಕೋಳಿಯನ್ನು ಅದರಲ್ಲಿ ಜೋಡಿಸಿಕೊಂಡು ಹೊರಟ. ಬೋಗುಣಿಯ ಮನೆಗೆ ಹೋದ, ಕೇಕಿನ ಅಚ್ಚಿನ ಮನೆಗೆ ಹೋದ, ಪಾದ್ರಿಯ ಹೆಂಡತಿಯನ್ನು ಕೇಳಿದ, ಸಿಸ್ಟರ್ ಈಯೋಲಾಳನ್ನು ಕೇಳಿದ. ನಮ್ಮದಲ್ಲ, ನಮ್ಮದಲ್ಲ. ಒಬ್ಬಳು ಚಹಾ ಕುಡಿದುಹೋಗಿ ಎಂದಳು, ಇನ್ನೊಬ್ಬಳು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಕೋಳಿ ತಣ್ಣಗಾಗುತ್ತ ಬಂತು. ಕೊನೆಗೆ ಅವನು ವರ್ಡೆಲಳ ಮನೆಯ ಮುಂದೆ ನಿಂತ. ಒಳಗೆ ಮೊಮ್ಮಕ್ಕಳು ಕಿರುಚಾಡುತ್ತಿದ್ದರು.

"ಇದು ಯಾರದ್ದು ಹೇಳು ವರ್ಡೆಲ್. ಇಡೀ ರಸ್ತೆ ಸುತ್ತಿಬಂದೆ."

ವರ್ಡೆಲ್ ಪಾತ್ರೆ ನೋಡಿದಳು. ಮೂಲೆಯಲ್ಲಿ ಎನಾಮಲ್ ಎದ್ದುಹೋದ ಕಡೆ ಬೆರಳಿಟ್ಟಳು. "ತಮಾಷೆ ಮಾಡ್ತಿದೀಯಾ?"

"ಇಲ್ಲ. ಟೇಪು ಕಿತ್ತುಹೋಗಿದೆ."

"ಟೇಪು ಇದ್ರೆ ತಾನೇ ಕಿತ್ತುಹೋಗೋದು? ಮನೆ ಬಿಟ್ಟು ಹೊರಗೆ ಹೋಗದ ಪಾತ್ರೆಗೆ ಯಾರು ಹೆಸರು ಬರೀತಾರೆ?" ಅವಳ ದನಿ ಮೆದುವಾಯಿತು. "ಇದು ಲುವೀನಿಯಾದು, ಎಲ್ಮೋರ್. ಪ್ರತಿ ಭಾನುವಾರ ನಿನ್ನ ಮುಂದೆ ಕೋಳಿ ಇದರಲ್ಲೇ ಬರ್ತಿತ್ತು. ಆವತ್ತು ಬಡಿಸೋಕೆ ತಗೊಂಡಿದ್ವಿ, ಉಳಿದದ್ದರ ಜೊತೆ ಸೇರಿಹೋಗಿದೆ."

ಅವನು ಪಾತ್ರೆ ನೋಡಿದ. ಅಷ್ಟು ವರ್ಷ ಅವನು ಕೋಳಿ ನೋಡಿದ್ದ, ಪಾತ್ರೆ ನೋಡಿರಲಿಲ್ಲ. ತನ್ನ ಮನೆಯದ್ದನ್ನೇ ಹಿಡಿದು ಇದು ಯಾರದ್ದು ಎಂದು ಊರೆಲ್ಲ ಕೇಳಿಬಂದಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಳಗೆ ಬಾ ಎಂದಳು ವರ್ಡೆಲ್. ಅವನು ತಲೆಯಾಡಿಸಿ, ತುಂಬಿದ ಪಾತ್ರೆ ಹಿಡಿದು ರಸ್ತೆ ದಾಟಿ ಮನೆಗೆ ಬಂದ.

ಮೇಜಿನ ಮೇಲಿಟ್ಟು ಎದುರು ಕೂತ. ಇನ್ನು ಯಾರ ಪಾತ್ರೆಯೂ ಅವನ ಬಳಿ ಇರಲಿಲ್ಲ. ಅವನ ಪಾತ್ರೆಯೂ ಯಾರ ಮನೆಯಲ್ಲೂ ಇರಲಿಲ್ಲ. ಹೀಗೇ ಇದ್ದುಬಿಟ್ಟರೆ ಈ ಬಾಗಿಲನ್ನು ಯಾರೂ ಯಾವತ್ತೂ ಬಡಿಯಬೇಕಾದ ಕಾರಣವೇ ಇಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ಅಷ್ಟು ಹೆದರಿಕೆ ಅವನಿಗೆ ಮಣ್ಣಿನ ದಿನವೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಕೋಳಿಯನ್ನು ತಟ್ಟೆಗೆ ತೆಗೆದು, ಪಾತ್ರೆ ತೊಳೆದು ಒರೆಸಿದ. ಒಲೆಯ ಪಕ್ಕದ ಡ್ರಾಯರಿನಲ್ಲಿ ಲುವೀನಿಯಾಳ ಟೇಪಿನ ಸುರುಳಿ ಸಿಕ್ಕಿತು. ಒಂದು ತುಂಡು ಹರಿದು ಅದರ ಮೇಲೆ ಲುವೀನಿಯಾ ಎಂದು ಬರೆದ. ನೋಡಿದ. ಸತ್ತವಳ ಹೆಸರಿಗೆ ಯಾರೂ ಪಾತ್ರೆ ತಂದುಕೊಡುವುದಿಲ್ಲ. ಆ ತುಂಡನ್ನು ಬಾಣಲೆಯ ಮೇಲಿನ ಗೋಡೆಗೆ ಅಂಟಿಸಿ, ಇನ್ನೊಂದು ಹರಿದು ತನ್ನ ಹೆಸರು ಬರೆದು ಪಾತ್ರೆಯ ತಳಕ್ಕೆ ಒತ್ತಿದ. ಕೋಳಿಯನ್ನು ಮತ್ತೆ ಜೋಡಿಸಿದ.

ವರ್ಡೆಲ್ ಬಾಗಿಲು ತೆರೆದು ಹುಬ್ಬೇರಿಸಿದಳು. "ಮತ್ತೆ ಯಾಕೆ ತಂದೆ? ನಿಂದೇ ಅಂದ್ನಲ್ಲ."

"ಕೋಳಿ ನಿನಗೆ."

"ಸರಿ, ತಾಳು. ಕಾಗದದ ತಟ್ಟೆಗೆ ಹಾಕ್ಕೋತೀನಿ, ಪಾತ್ರೆ ಈಗ್ಲೇ ತಗೊಂಡ್ಹೋಗು."

"ಬೇಡ. ಪಾತ್ರೆ ಇಲ್ಲೇ ಇರ್ಲಿ."

ಪಾತ್ರೆ ಹಿಡಿದಿದ್ದ ಅವಳ ಬೆರಳಿಗೆ ತಳದ ಟೇಪು ತಾಗಿತು. ಎತ್ತಿ, ಓರೆ ಮಾಡಿ ಓದಿದಳು. ಒಂದು ಸಲ ಅವನ ಮುಖ ನೋಡಿದಳು. ಈ ಸಲ ಗೇಲಿ ಮಾಡಲಿಲ್ಲ.

"ಹಾಗಾದ್ರೆ ನಾನೇ ತಂದುಕೊಡ್ಬೇಕಾಗುತ್ತೆ."

"ಹೂಂ. ತರಬೇಕಾಗುತ್ತೆ."

"ಬರಿದು ತರೋಕಾಗಲ್ಲ."

"ಆಗಲ್ಲ," ಎಂದ ಎಲ್ಮೋರ್. "ಅವಸರ ಏನಿಲ್ಲ."

ಅವನು ಮೆಟ್ಟಿಲು ಇಳಿದ. ಎರಡೂ ಕೈ ಖಾಲಿ. ರಸ್ತೆಯ ಅಂಚಿನಲ್ಲಿ ನಿಂತು ಹಿಂದಿರುಗಿ ನೋಡಿದ.

"ಆದ್ರೂ ತುಂಬಾ ತಡ ಮಾಡ್ಬೇಡ, ವರ್ಡೆಲ್."